ಬಾಗುವ ಹಳಿ: ಎಮಿರೇಟ್ಸ್‌ನ ಬಿಸಿಲಲ್ಲಿ ಮಾದರಿ ರೈಲುಮಾರ್ಗ

ಬಾಗುವ ಹಳಿ ಎಂದರೆ ಮಾದರಿ ರೈಲುಮಾರ್ಗ ಕಟ್ಟುವ ಹವ್ಯಾಸಿಗಳು ‘ಫ್ಲೆಕ್ಸ್ ಟ್ರ್ಯಾಕ್’ ಎಂದು ಕರೆಯುವ, ಹೆಚ್ಚುಕಡಿಮೆ ಒಂದು ಗಜ ಉದ್ದದ, ಬರಿಗೈಯಲ್ಲೇ ಬೇಕಾದ ಹಾಗೆ ಬಗ್ಗಿಸಿ ಹಾಸಬಹುದಾದ ಹಳಿಯ ತುಂಡು. ಆಟಿಕೆ ಅಂಗಡಿಯ ರೈಲು ಸೆಟ್ಟಿನಲ್ಲಿ ಬರುವ ಹಳಿ ಗಡುಸು. ಅದರಲ್ಲಿ ನೇರ ತುಂಡು ನೇರವೇ, ಡೊಂಕು ತುಂಡು ಡೊಂಕೇ. ಎಷ್ಟು ಜೋಡಿಸಿದರೂ ಕೊನೆಗೆ ಸಿಗುವುದು ಒಂದು ವೃತ್ತ, ಇಲ್ಲವೇ ಎರಡು ಕಡೆ ಎಳೆದ ವೃತ್ತ. ಬೆಟ್ಟದ ಬಳಿ ಸ್ವಲ್ಪವೇ ಓರೆಯಾಗಿ, ನಿಲ್ದಾಣದ ಬಳಿ ನಿಧಾನವಾಗಿ ನೆಟ್ಟಗಾಗುವ ನಿಜವಾದ ರೈಲುಮಾರ್ಗದ ನಡಿಗೆ ಬೇಕೆಂದರೆ ಬಾಗುವ ಹಳಿಯೇ ಬೇಕು. ದುಬೈ, ಅಬುಧಾಬಿಗಳಂಥ ಕಡೆ ಇದನ್ನು ಹಾಸುವವರಿಗೆ ಒಂದು ಅನುಕೂಲವಿದೆ, ಎರಡು ತಲೆನೋವುಗಳಿವೆ.

ತುಂಡಿನ ರಚನೆ ಸರಳ. ಪ್ಲಾಸ್ಟಿಕ್ಕಿನ ಸಣ್ಣ ಸ್ಲೀಪರುಗಳ (ಹಳಿಯಡಿಯ ಅಡ್ಡಪಟ್ಟಿಗಳ) ಸಾಲು. ಅವನ್ನು ಕೆಳಗಡೆ ಹಿಡಿದಿರುವ ತೆಳು ಕೊಂಡಿಗಳಲ್ಲಿ ಅಲ್ಲಲ್ಲಿ ಸೀಳು. ಮೇಲೆ ಜಾರುವಂತೆ ಕೂರಿಸಿದ ಎರಡು ಲೋಹದ ಹಳಿಗಳು. ಈ ಲೋಹಕ್ಕೆ ನಿಕ್ಕಲ್ ಸಿಲ್ವರ್ ಎಂಬ ಹೆಸರಿದ್ದರೂ ಬೆಳ್ಳಿಯ ಲವಲೇಶವೂ ಅದರಲ್ಲಿಲ್ಲ. ತಾಮ್ರ, ಸತು, ನಿಕ್ಕಲ್‌ಗಳ ಈ ಮಿಶ್ರಣ ನಮ್ಮ ದೇವರಮನೆಗಳ ತಟ್ಟೆ, ಬಟ್ಟಲುಗಳ ‘ಜರ್ಮನ್ ಸಿಲ್ವರ್’ ಅಲ್ಲದೆ ಬೇರೇನಲ್ಲ. ಹಳಿಯ ಎತ್ತರವನ್ನು ಅಂಗುಲದ ಸಾವಿರದ ಭಾಗದಲ್ಲಿ ಅಳೆದು ‘ಕೋಡ್’ ಸಂಖ್ಯೆಯಿಂದ ಹೇಳುತ್ತಾರೆ. ಕೋಡ್ 100 ಎಂದರೆ 2.54 ಮಿ.ಮೀ. ಎತ್ತರ, ಕೋಡ್ 83, 75, 55 ಕ್ರಮವಾಗಿ ಇನ್ನೂ ಗಿಡ್ಡ. ಗಿಡ್ಡ ಹಳಿ ನೋಡಲು ನಿಜದಂತಿರುತ್ತದೆ. ಎತ್ತರದ ಹಳಿ ಒರಟು ಕೈಗಳನ್ನು ಕ್ಷಮಿಸುತ್ತದೆ.

ಪೆಟ್ಟಿಗೆಯಲ್ಲಿ ಬರುವ ಸಿದ್ಧ ಹಳಿಗಿಂತ ಮುಂಚೆ ಹವ್ಯಾಸಿಗಳು ಮರದ ಚೂರುಗಳನ್ನು ಸಾಲಾಗಿ ಅಂಟಿಸಿ, ಅವುಗಳ ಮೇಲೆ ಹಳಿಯನ್ನು ಪುಟ್ಟ ಮೊಳೆಗಳಿಂದ ತಾವೇ ಹೊಡೆದು ಕೂರಿಸುತ್ತಿದ್ದರು. ಅಳತೆ ಒಬ್ಬೊಬ್ಬರದು ಒಂದೊಂದಾದರೆ ಒಬ್ಬರ ಎಂಜಿನ್ ಇನ್ನೊಬ್ಬರ ಹಳಿಯ ಮೇಲೆ ಓಡದು. ಈ ಗೊಂದಲಕ್ಕೆ ಅಮೆರಿಕದಲ್ಲಿ 1935ರಲ್ಲಿ ಹುಟ್ಟಿದ ರಾಷ್ಟ್ರೀಯ ಮಾದರಿ ರೈಲು ಸಂಘ ಅಳತೆಯ ಮಾನದಂಡಗಳನ್ನು ಕೊಟ್ಟಿತು. ಇಂಗ್ಲೆಂಡಿನಲ್ಲಿ 1946ರಲ್ಲಿ ಸಿಡ್ನಿ ಪ್ರಿಚರ್ಡ್ ಆರಂಭಿಸಿದ ಪೆಕೊ ಕಂಪನಿಯ ‘ಸ್ಟ್ರೀಮ್‌ಲೈನ್’ ಹಳಿ, ಅಮೆರಿಕದ ಅಟ್ಲಾಸ್, ಜರ್ಮನಿಯ ಟಿಲ್ಲಿಗ್ ಕಂಪನಿಗಳ ಹಳಿಗಳು ಇಂದು ಲೋಕದಾದ್ಯಂತ ಸಿಗುತ್ತವೆ. ಪೆಕೊ ತುಂಡಿನ ಉದ್ದ 914 ಮಿ.ಮೀ., ಸರಿಯಾಗಿ ಒಂದು ಗಜ.

ಸಂಯುಕ್ತ ಅರಬ್ ಎಮಿರೇಟ್ಸ್‌ಗೆ ರೈಲು ಬಂದದ್ದೇ ತಡವಾಗಿ. ದುಬೈ ಮೆಟ್ರೊದ ಕೆಂಪು ಮಾರ್ಗ 2009ರ ಸೆಪ್ಟೆಂಬರ್ 9ರಂದು ಉದ್ಘಾಟನೆಯಾಯಿತು. ಹಸಿರು ಮಾರ್ಗ ಎರಡು ವರ್ಷದ ನಂತರ ಅದೇ ತಾರೀಕಿಗೆ. 2014ರ ನವೆಂಬರ್‌ನಲ್ಲಿ ದುಬೈ ಟ್ರಾಮ್ ಓಡತೊಡಗಿತು. ಎತಿಹಾದ್ ರೈಲ್ ಕಂಪನಿ ಸ್ಥಾಪನೆಯಾದದ್ದೂ 2009ರಲ್ಲೇ. ಅದರ ಮೊದಲ ಹಂತ ಅಬುಧಾಬಿಯ ಮರಳುಗಾಡಿನಲ್ಲಿ ಶಾಹ್ ಮತ್ತು ಹಬ್ಶಾನ್ ಅನಿಲ ಕ್ಷೇತ್ರಗಳಿಂದ ರುವೈಸ್ ಬಂದರಿಗೆ ಗಂಧಕದ ಹರಳು ಸಾಗಿಸುವ 264 ಕಿ.ಮೀ. ಮಾರ್ಗ. ಸೌದಿ ಗಡಿಯ ಘುವೈಫಾತ್‌ನಿಂದ ಪೂರ್ವ ಕರಾವಳಿಯ ಫುಜೈರಾದವರೆಗಿನ ಜಾಲದಲ್ಲಿ ಸರಕು ಸಾಗಣೆ ಆರಂಭವಾದದ್ದು 2023ರ ಫೆಬ್ರವರಿಯಲ್ಲಿ. ಇಷ್ಟು ಎಳೆಯ ರೈಲುಮಾರ್ಗಕ್ಕೆ ಹಳೆಯ ಗೇಜುಗಳ ಋಣಭಾರವಿಲ್ಲ. ಮೆಟ್ರೊ, ಟ್ರಾಮ್, ಸರಕು ರೈಲು ಮೂರೂ 1,435 ಮಿ.ಮೀ. ಅಗಲದ ಸ್ಟ್ಯಾಂಡರ್ಡ್ ಗೇಜಿನ ಮೇಲೆ ಓಡುತ್ತವೆ.

ಹವ್ಯಾಸಿಯ ಅನುಕೂಲ ಇರುವುದು ಇಲ್ಲಿ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಪ್ರಮಾಣ ಎಂದರೆ 1:87. ಅದರ ಹಳಿಗಳ ನಡುವಿನ ಅಂತರ 16.5 ಮಿ.ಮೀ. 1,435ನ್ನು 87ರಿಂದ ಭಾಗಿಸಿದರೆ 16.49 ಬರುತ್ತದೆ. ಚಿಕ್ಕದಾದ ಎನ್ ಪ್ರಮಾಣದಲ್ಲಿ (1:160) ಲೆಕ್ಕಕ್ಕೆ ಬರುವುದು 8.97, ಅಂಗಡಿಯ ಹಳಿ 9 ಮಿ.ಮೀ. ಅಂದರೆ ಎತಿಹಾದ್ ರೈಲಿನ ಮಾದರಿ ಮಾಡುವವನಿಗೆ ಪೆಟ್ಟಿಗೆಯಿಂದ ತೆಗೆದ ಹಳಿಯೇ ಕೂದಲೆಳೆಯಷ್ಟೂ ತಪ್ಪದ ಹಳಿ. ನಮ್ಮ ಮೆಟ್ರೊ ಕೂಡ ಸ್ಟ್ಯಾಂಡರ್ಡ್ ಗೇಜಿನದೇ ಆದ್ದರಿಂದ ಬೆಂಗಳೂರಿನ ನೇರಳೆ ಮಾರ್ಗವನ್ನು ಕಟ್ಟಹೊರಟವರಿಗೂ ಈ ಭಾಗ್ಯವುಂಟು.

ಆದರೆ ಗಲ್ಫ್‌ನಲ್ಲಿರುವ ಕರಾವಳಿಯ ಕನ್ನಡಿಗನಿಗೆ ರೈಲು ಎಂದೊಡನೆ ಕಣ್ಣ ಮುಂದೆ ಬರುವುದು ಮೆಟ್ರೊ ಅಲ್ಲ. ಹೊನ್ನಾವರದ ಶರಾವತಿ ಸೇತುವೆ, ಭಟ್ಕಳ, ಬೈಂದೂರು, ಉಡುಪಿಯ ನಿಲ್ದಾಣ. ಕೊಂಕಣ ರೈಲ್ವೆ 1,676 ಮಿ.ಮೀ.ಯ ಬ್ರಾಡ್‌ಗೇಜ್. ಎಚ್‌ಒ ಪ್ರಮಾಣದಲ್ಲಿ ಅದಕ್ಕೆ 19.26 ಮಿ.ಮೀ. ಅಗಲದ ಹಳಿ ಬೇಕು, ಅಂಥದ್ದು ಪೆಟ್ಟಿಗೆಯಲ್ಲಿ ಬರುವುದಿಲ್ಲ. 16.5ರ ಮೇಲೆ ಭಾರತದ ಎಂಜಿನ್ ಓಡಿಸಿದರೆ ನಿಜದ ಲೆಕ್ಕದಲ್ಲಿ 24 ಸೆಂ.ಮೀ. ಅಗಲ ಕಳೆದುಹೋಗುತ್ತದೆ, ಗಾಡಿ ಎದುರಿನಿಂದ ನೋಡಲು ಹಳಿಯ ಮೇಲೆ ಉಸಿರು ಬಿಗಿಹಿಡಿದು ನಿಂತಂತೆ ಕಾಣುತ್ತದೆ. ಬಹುಪಾಲು ಜನ ಈ ಸುಳ್ಳನ್ನು ಒಪ್ಪಿಕೊಂಡೇ ಮುಂದುವರಿಯುತ್ತಾರೆ. ಬ್ರಿಟನ್ನಿನ ಒಒ ಪ್ರಮಾಣದವರು 1:76ರ ಗಾಡಿಗಳನ್ನು ಇದೇ 16.5 ಮಿ.ಮೀ. ಹಳಿಯ ಮೇಲೆ ದಶಕಗಳಿಂದ ಓಡಿಸುತ್ತಿದ್ದಾರೆ, ಪ್ರಪಂಚವೇನೂ ಮುಳುಗಿಲ್ಲ.

ಅಗಲ ಸರಿಹೋದರೂ ತಿರುವು ಸರಿಹೋಗದು. ಕೊಂಕಣ ರೈಲ್ವೆಯ ವಿನ್ಯಾಸದಲ್ಲಿ ತಿರುವಿನ ಕನಿಷ್ಠ ತ್ರಿಜ್ಯ 1,250 ಮೀಟರ್. ಅದನ್ನು 1:87ಕ್ಕೆ ಇಳಿಸಿದರೂ 14.4 ಮೀಟರ್ ತ್ರಿಜ್ಯ. ಒಂದು ಅರ್ಧ ವೃತ್ತ ತಿರುಗಿಸಲು ಮದುವೆ ಮಂಟಪವೇ ಬೇಕು. ರೈಲು ಸೆಟ್ಟಿನ ಮಾಮೂಲಿ ತಿರುವಿನ ತ್ರಿಜ್ಯ 18 ಅಂಗುಲ, ಅಂದರೆ 457 ಮಿ.ಮೀ. ನಿಜದಲ್ಲಿ ಅದು 40 ಮೀಟರ್ ಆಗುತ್ತದೆ, ಟ್ರಾಮಿಗೆ ಸಲ್ಲುವ ತಿರುವು. ಎತಿಹಾದ್ ರೈಲಿನಲ್ಲಿ ಗಂಧಕ ಎಳೆಯುವುದು ಅಮೆರಿಕದ ಇಎಂಡಿ ಕಾರ್ಖಾನೆಯ ಎಸ್‌ಡಿ70 ಬಳಗದ ಆರು ಅಚ್ಚಿನ ಡೀಸೆಲ್ ಎಂಜಿನ್. ಈ ಬಳಗದ ಅಮೆರಿಕನ್ ಎಂಜಿನ್ನುಗಳ ಎಚ್‌ಒ ಮಾದರಿಗಳು ಸಿಗುತ್ತವೆ, ಉದ್ದ ಸುಮಾರು 26 ಸೆಂ.ಮೀ. ಅದನ್ನು 18 ಅಂಗುಲದ ತಿರುವಿಗೆ ಬಿಟ್ಟರೆ ಮೂಗು ಹಳಿಯ ಹೊರಗೆ ಚಾಚಿ ಪಕ್ಕದ ಮಾರ್ಗದ ಗಾಡಿಯನ್ನು ಉಜ್ಜುತ್ತದೆ; ಕೆಲವು ಮಾದರಿಗಳು ಹಳಿಯನ್ನೇ ಬಿಟ್ಟಿಳಿಯುತ್ತವೆ. 24 ಅಂಗುಲದಲ್ಲಿ ಓಡುತ್ತದೆ, 30 ಅಂಗುಲದಲ್ಲಿ ಚೆನ್ನಾಗಿ ಕಾಣುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ಎಂಟಕ್ಕೆ ನಾಲ್ಕು ಅಡಿಯ ಪ್ಲೈವುಡ್ ಹಲಗೆಯ ಮೇಲೆ ಹಿಡಿಯುವ ಅತಿ ದೊಡ್ಡ ಅರ್ಧ ವೃತ್ತದ ತ್ರಿಜ್ಯ 22 ಅಂಗುಲ. ಅದರ ಮೇಲೆ ಅಂಚಿಗೆ ಎರಡು ಅಂಗುಲವೂ ಉಳಿಯದು. ದುಬೈಯ ಕರಾಮಾ, ಅಲ್ ನಹ್ದಾ ಬಡಾವಣೆಗಳ ಒಂದು ಮಲಗುವ ಕೋಣೆಯ ಫ್ಲ್ಯಾಟಿನಲ್ಲಿ ಆ ಹಲಗೆಯನ್ನು ಇಡುವುದಕ್ಕಿಂತ ಮುಂಚಿನ ಪ್ರಶ್ನೆ, ಅದನ್ನು ಮೇಲಕ್ಕೆ ಒಯ್ಯುವುದು ಹೇಗೆ? 2.44 ಮೀಟರ್ ಉದ್ದದ ಹಲಗೆ ಅನೇಕ ಕಟ್ಟಡಗಳ ಲಿಫ್ಟಿನೊಳಗೆ ಹೋಗದು. ಆದ್ದರಿಂದ ಅಂಗಡಿಯಲ್ಲೇ ಕತ್ತರಿಸಿ, ಎರಡು ಅಡಿ, ಮೂರು ಅಡಿಯ ತುಂಡುಗಳಾಗಿ ತಂದು ಬೋಲ್ಟ್ ಹಾಕಿ ಜೋಡಿಸುವ ಪದ್ಧತಿಯೇ ಜಾಣತನ. ಗೋಡೆಗೆ ಮೊಳೆ ಹೊಡೆಯುವ ಮಾತು ಬಾಡಿಗೆ ಮನೆಯಲ್ಲಿ ಬರುವಂತೆಯೇ ಇಲ್ಲ. ದುಬೈಯ ಬಾಡಿಗೆ ಕರಾರು ನೋಂದಣಿಗೆ ‘ಎಜಾರಿ’ ಎನ್ನುತ್ತಾರೆ. ಕನ್ನಡದ ಹಳೆಯ ಕಂದಾಯದ ಮಾತು ‘ಇಜಾರೆ’ ಬಂದಿರುವುದೂ ಅದೇ ಅರಬ್ಬಿ ಬೇರಿನಿಂದ. ಕರಾರು ಮುಗಿದ ದಿನ ರೈಲುಮಾರ್ಗವೂ ಕಾಲಿನ ಮೇಲೆ ಎದ್ದು ಹೊರಡಬೇಕು. ಹಾಸುವವನು ಮೊದಲ ದಿನದಿಂದ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ವಿಷಯ ಇದು.

ಇನ್ನು ಹಾಸುವ ಕೆಲಸ. ಹಲಗೆಯ ಮೇಲೆ ಮಾರ್ಗದ ನಡುಗೆರೆಯನ್ನು ಪೆನ್ಸಿಲಿನಲ್ಲಿ ಎಳೆದುಕೊಳ್ಳುವುದು ಮೊದಲ ಹೆಜ್ಜೆ. ತಿರುವನ್ನು ಕೈವಾರದಲ್ಲಿ ಎಳೆದರೆ ಸಾಲದು. ನೇರ ಮಾರ್ಗದಿಂದ ತಿರುವಿಗೆ ಗಾಡಿ ಥಟ್ಟನೆ ನುಗ್ಗಬಾರದು, ಮೆಲ್ಲಗೆ ಹೊರಳಬೇಕು. ಬಡಗಿಗಳು ಕಮಾನು ಬರೆಯಲು ಬಳಸುವಂಥ ತೆಳುವಾದ ಮರದ ಪಟ್ಟಿಯನ್ನು ಎರಡು ಮೊಳೆಗಳ ನಡುವೆ ಬಗ್ಗಿಸಿದರೆ ಆ ಸಂಕ್ರಮಣದ ಗೆರೆ ತಾನಾಗಿ ಮೂಡುತ್ತದೆ. ಗೆರೆಯ ಮೇಲೆ ಎಚ್‌ಒಗೆ ಸುಮಾರು 5 ಮಿ.ಮೀ. ದಪ್ಪದ ಕಾರ್ಕ್ ಪಟ್ಟಿ. ಇದು ಸದ್ದನ್ನು ನುಂಗುತ್ತದೆ, ಕೆಳಗಿನ ಮನೆಯವರ ದೂರನ್ನೂ ತಪ್ಪಿಸುತ್ತದೆ.

ಕಾರ್ಕ್ ಮೇಲೆ ಹಳಿ ಕೂರಿಸಲು ಸ್ನಾನದ ಮನೆಯ ಸಂದಿಗಳಿಗೆ ಹಾಕುವ ಅಕ್ರಿಲಿಕ್ ಸೀಲಂಟ್ ಉತ್ತಮ. ಅದನ್ನು ಹಳೆಯ ಎಟಿಎಂ ಕಾರ್ಡಿನಿಂದ ದೋಸೆ ಹಿಟ್ಟಿಗಿಂತ ತೆಳ್ಳಗೆ ಎಳೆಯಬೇಕು. ಹೆಚ್ಚು ಹಾಕಿದರೆ ಸ್ಲೀಪರಿನ ನಡುವೆ ಉಕ್ಕಿ ಬಂದು ಮಾಯದ ಕಲೆಯಾಗುತ್ತದೆ. ಒಣಗುವ ತನಕ ಹಳಿ ಅಲುಗದಂತೆ ಗುಂಡುಸೂಜಿ ಚುಚ್ಚಿ, ಮೇಲೆ ದಪ್ಪ ಪುಸ್ತಕವನ್ನೋ ಬೇಳೆಯ ಡಬ್ಬಿಯನ್ನೋ ಹೇರುತ್ತಾರೆ. ಮೊಳೆಯಿಂದಲೂ ಹಿಡಿಸಬಹುದು. ಆದರೆ ಮೊಳೆಯನ್ನು ಒಂದೇಟು ಹೆಚ್ಚು ಹೊಡೆದರೂ ಸ್ಲೀಪರ್ ನಡುವೆ ಕುಸಿದು ಎರಡು ಹಳಿಗಳು ಒಳಕ್ಕೆ ವಾಲುತ್ತವೆ, ಗೇಜು ಕಿರಿದಾಗುತ್ತದೆ. ಎಂಜಿನ್ ಸದಾ ಒಂದೇ ಜಾಗದಲ್ಲಿ ಎಡವುತ್ತಿದ್ದರೆ ಮೊದಲು ನೋಡಬೇಕಾದದ್ದು ಅಲ್ಲಿನ ಮೊಳೆಯನ್ನು.

ಬಗ್ಗಿಸುವಾಗಿನ ವಿಚಿತ್ರ ಪ್ರತಿ ಹೊಸಬನನ್ನೂ ಬೆಚ್ಚಿಸುತ್ತದೆ. ತುಂಡು ಬಾಗಿದ ಕೂಡಲೇ ಒಳಗಿನ ಹಳಿ ತುದಿಯಲ್ಲಿ ನಾಲಿಗೆಯಂತೆ ಹೊರಕ್ಕೆ ಚಾಚುತ್ತದೆ. ಒಳಗಿನ ದಾರಿ ಗಿಡ್ಡ, ಹೊರಗಿನದು ಉದ್ದ. ಎರಡು ಹಳಿಗಳೂ ಕಾರ್ಖಾನೆಯಿಂದ ಬಂದದ್ದು ಒಂದೇ ಉದ್ದದಲ್ಲಿ. ತ್ರಿಜ್ಯ ಎಷ್ಟೇ ಇರಲಿ, ಎಚ್‌ಒ ಹಳಿಯನ್ನು 90 ಡಿಗ್ರಿ ತಿರುಗಿಸಿದರೆ ಈ ವ್ಯತ್ಯಾಸ ಸುಮಾರು 27 ಮಿ.ಮೀ. ಚಾಚಿದ್ದನ್ನು ಹಳಿ ಕತ್ತರಿಯಿಂದಲೋ ತೆಳು ಗರಗಸದಿಂದಲೋ ಕತ್ತರಿಸಿ, ತುದಿಯನ್ನು ಅರದಿಂದ ಉಜ್ಜಿ ನುಣುಪು ಮಾಡಬೇಕು. ಕೆಲವು ತಯಾರಕರ ತುಂಡಿನಲ್ಲಿ ಒಂದೇ ಹಳಿ ಜಾರುತ್ತದೆ. ಅಂಥದ್ದನ್ನು ಜಾರುವ ಹಳಿ ತಿರುವಿನ ಒಳಬದಿಗೆ ಬರುವಂತೆ ಹಿಡಿಯುವುದು ರೂಢಿ.

ಕಷ್ಟವೆಲ್ಲ ಇರುವುದು ಎರಡು ತುಂಡುಗಳು ತಿರುವಿನ ನಡುವೆ ಸೇರುವ ಕಡೆ. ಹಳಿಗೆ ತನ್ನ ನೇರ ಸ್ಥಿತಿಗೆ ಮರಳುವ ಹಟವಿದೆ. ಜೋಡಣೆಯ ಜಾಗದಲ್ಲಿ ಎರಡು ತುದಿಗಳೂ ನೆಟ್ಟಗಾಗಿ ಮೊಣಕೈಯಂಥ ಮುರುಕು ಬೀಳುತ್ತದೆ. ಕೈ ಪಳಗಿದವರು ಎರಡು ತುಂಡುಗಳನ್ನು ಮೇಜಿನ ಮೇಲೆ ನೇರವಾಗಿಟ್ಟು, ಹಳಿಗಳ ತುದಿ ಕೂಡಿಸುವ ಜೋಡು ತಗಡಿನಲ್ಲಿ ಸೇರಿಸಿ ಸೋಲ್ಡರ್ ಮಾಡಿ, ಆಮೇಲೆ ಒಂದೇ ಉದ್ದನೆಯ ಹಳಿಯಂತೆ ಬಗ್ಗಿಸುತ್ತಾರೆ. ಕಾವು ತಗುಲಿ ಪ್ಲಾಸ್ಟಿಕ್ ಸ್ಲೀಪರ್ ಕರಗದಂತೆ ಜೋಡಣೆಯ ಎರಡೂ ಬದಿಗೆ ಒದ್ದೆ ಹತ್ತಿಯಿಟ್ಟರೆ ಸಾಕು.

ಹಾಗಾದರೆ ಎಲ್ಲ ಜೋಡಣೆಗಳನ್ನೂ ಬೆಸೆದುಬಿಡಬಹುದಲ್ಲ? ಎಮಿರೇಟ್ಸ್‌ನಲ್ಲಿ ಬೇಡ. ಮೊದಲ ತಲೆನೋವು ಇದೇ, ಬಿಸಿಲು.

ನಿಜವಾದ ರೈಲುಮಾರ್ಗದ ಉಕ್ಕಿನ ಹಳಿ 50 ಡಿಗ್ರಿ ಬಿಸಿಯೇರಿದರೆ ಒಂದು ಕಿಲೋಮೀಟರಿಗೆ ಅರ್ಧ ಮೀಟರಿಗಿಂತ ಹೆಚ್ಚು ಹಿಗ್ಗಲು ಹವಣಿಸುತ್ತದೆ. ಮರಳುಗಾಡಿನಲ್ಲಿ ಗಾಳಿ 45 ಡಿಗ್ರಿ ದಾಟುವುದು ಬೇಸಿಗೆಯ ದಿನಚರಿ. ಹಳಿಯ ಬಿಸಿ ಗಾಳಿಯದಕ್ಕಿಂತ ಇನ್ನೂ ಎಷ್ಟೋ ಮೇಲೆ. ಇಂದಿನ ಎಂಜಿನಿಯರುಗಳು ಅಲ್ಲಿ ಸಂದಿ ಬಿಡುವುದಿಲ್ಲ. ಹಳಿಯನ್ನು ಉದ್ದಕ್ಕೂ ಬೆಸೆದು, ಆಯಾ ಪ್ರದೇಶದ ಹವೆಗೆ ತಕ್ಕ ಉಷ್ಣತೆಯಲ್ಲಿ ಕಾಂಕ್ರೀಟ್ ಸ್ಲೀಪರಿಗೆ ಬಿಗಿದು, ಸುತ್ತ ಜಲ್ಲಿಯ ಭಾರ ಹೇರಿ, ಹಿಗ್ಗುವುದನ್ನೇ ತಡೆದುಬಿಡುತ್ತಾರೆ. ಹಿಗ್ಗಲಾರದ ಉಕ್ಕು ಒಳಗೊಳಗೇ ಒತ್ತಡ ಹೊತ್ತು ಸುಮ್ಮನಿರುತ್ತದೆ. ಮಾದರಿ ಹಳಿಗೆ ಆ ದಾರಿಯಿಲ್ಲ. ಅದನ್ನು ಹಿಡಿದಿರುವುದು ಬರೀ ಅಂಟು ಮತ್ತು ಪ್ಲಾಸ್ಟಿಕ್ಕಿನ ಉಗುರುಗಳು.

ಜುಲೈ, ಆಗಸ್ಟ್‌ನಲ್ಲಿ ಶಾಲೆಗೆ ರಜೆ. ಕುಟುಂಬ ಊರಿಗೆ ಹೊರಡುತ್ತದೆ, ಹೊರಡುವಾಗ ಎಸಿ ಆರಿಸುತ್ತದೆ. 24 ಡಿಗ್ರಿಯಲ್ಲಿ ಹಾಸಿದ ಹಳಿ ಮುಚ್ಚಿದ ಕೋಣೆಯಲ್ಲಿ 40ರ ಹತ್ತಿರ ಬೇಯುತ್ತದೆ. ನಿಕ್ಕಲ್ ಸಿಲ್ವರ್ ಉಕ್ಕಿಗಿಂತ ಹೆಚ್ಚು ಹಿಗ್ಗುವ ಲೋಹ. ಒಂದು ಗಜದ ತುಂಡಿಗೆ ಹಿಗ್ಗು ಕಾಲು ಮಿಲಿಮೀಟರ್, ಆರು ಮೀಟರ್ ಸುತ್ತಿಗೆ ಒಂದೂವರೆ ಮಿಲಿಮೀಟರ್. ಕೇಳಲು ಅಲ್ಪ. ಎಲ್ಲ ಜೋಡಣೆಗಳೂ ಬೆಸೆದಿದ್ದರೆ ಅಷ್ಟೂ ಒಂದೇ ಕಡೆ, ಹಿಡಿತ ಸಡಿಲವಿದ್ದಲ್ಲಿ, ಹಾವಿನಂತೆ ಪಕ್ಕಕ್ಕೆ ಸೊಟ್ಟಗಾಗುತ್ತದೆ.

ಮರದ ಆಟ ಇನ್ನೂ ದೊಡ್ಡದು, ಹೊಸಬರು ಗಮನಿಸದೆ ಬಿಡುವುದೂ ಅದನ್ನೇ. ಮರ ಬಿಸಿಗೆ ಅಷ್ಟಾಗಿ ಜಗ್ಗದು, ತೇವಕ್ಕೆ ಜಗ್ಗುತ್ತದೆ. ದುಬೈ, ಅಬುಧಾಬಿಗಳ ಕಡಲತೀರದ ಆಗಸ್ಟ್ ರಾತ್ರಿ ಕನ್ನಡಕ ಮಸುಕಾಗುವಷ್ಟು ತೇವದ್ದು. ಎಸಿ ಹಾಕಿದರೆ ಅದೇ ಗಾಳಿ ಒಣಗುತ್ತದೆ. ತೇವ ಕುಡಿದು ಉಬ್ಬಿದ್ದ ಚೌಕಟ್ಟು ಒಣಗಿ ಕುಗ್ಗಿದಾಗ ಮೇಲಿನ ಹಳಿಗೆ ಜಾಗ ಸಾಲದು. ಹಳಿ ಬೆಳೆಯಿತೆಂದು ಬೈಯುತ್ತಾರೆ, ನಿಜಕ್ಕೂ ಕಿರಿದಾದದ್ದು ಮೇಜು. ಒಳನಾಡಿನ ಅಲ್ ಐನ್‌ನ ಒಣ ಹವೆಯಲ್ಲಿ ಈ ಕಾಟ ಕಡಿಮೆ. ಕರಾವಳಿಯಲ್ಲಿ ಮದ್ದು ಎರಡು: ಗಟ್ಟಿಮರದ ಬದಲು ಒಳ್ಳೆಯ ಪ್ಲೈವುಡ್ ಬಳಸಿ ಎಲ್ಲ ಬದಿಗೂ ಬಣ್ಣ ಬಳಿಯುವುದು, ತಿರುವಿನ ಜೋಡಣೆ ಮಾತ್ರ ಬೆಸೆದು, ನೇರ ಮಾರ್ಗದಲ್ಲಿ ಎರಡು ಮೂರು ಜೋಡಣೆಗೊಮ್ಮೆ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದಿ ಬಿಡುವುದು. ಸಂದಿ ಬಿಟ್ಟ ಮೇಲೆ ವಿದ್ಯುತ್ತಿಗೆ ಜೋಡು ತಗಡನ್ನು ನಂಬುವಂತಿಲ್ಲ. ಪ್ರತಿ ತುಂಡಿಗೂ ಕೆಳಗಿನಿಂದ ಪ್ರತ್ಯೇಕ ತಂತಿ ಎಳೆದು, ಮೇಜಿನಡಿಯ ದಪ್ಪ ತಂತಿಗೆ ಸೇರಿಸಬೇಕು.

ಎರಡನೆಯ ತಲೆನೋವು ಮರಳು. ದೇಶವೇ ಮರಳಿನದು, ಮಾದರಿಗೆ ಒಂದು ಹಿಡಿ ತಂದರಾಯಿತು ಎಂದು ಯಾರಿಗಾದರೂ ತೋಚುತ್ತದೆ. ನಿಜವಾದ ಜಲ್ಲಿಕಲ್ಲಿನ ಗಾತ್ರ ಸ್ಥೂಲವಾಗಿ 25ರಿಂದ 65 ಮಿ.ಮೀ.; 1:87ಕ್ಕೆ ಇಳಿಸಿದರೆ 0.3ರಿಂದ 0.75 ಮಿ.ಮೀ., ಅಂದರೆ ಉಪ್ಪಿಟ್ಟಿನ ರವೆಯ ಗಾತ್ರ. ದಿಬ್ಬದ ಮರಳು ಇದಕ್ಕಿಂತ ನುಣುಪು, ಗಾಳಿಗೆ ಉರುಳಿ ಉರುಳಿ ದುಂಡಗಾದದ್ದು. ಮೂಲೆಗಳಿಲ್ಲದ ಕಾಳು ಜಲ್ಲಿಯಂತೆ ಕಾಣದು. ಅದನ್ನೇ ಮರುಭೂಮಿಯಾಗಿ ಹರಡಿದರೂ ಮೋಸ: 0.2 ಮಿ.ಮೀ.ಯ ಕಾಳು 87 ಪಟ್ಟಾದರೆ 17 ಮಿ.ಮೀ.ಯ ಕಲ್ಲು. ಅಬುಧಾಬಿಯ ಲಿವಾ ಮರಳುಗಾಡಿನ ದಿಬ್ಬಗಳ ನಯ ಬೇಕೆಂದರೆ ಮರಳಿಗಿಂತ ಪ್ಲಾಸ್ಟರ್ ಮತ್ತು ಬಣ್ಣವೇ ಹೆಚ್ಚು ಮರಳಿನಂತೆ ಕಾಣುತ್ತದೆ! ಕಡಲತೀರದ್ದಂತೂ ಉಪ್ಪು, ಚಿಪ್ಪು ತುಂಬಿದ್ದು, ತೊಳೆಯದೆ ಬಳಸಿದರೆ ಲೋಹ ತಿನ್ನುತ್ತದೆ. ಮರಳು ಯಾವುದೇ ಇರಲಿ, ಅಯಸ್ಕಾಂತ ಆಡಿಸಿ ನೋಡಬೇಕು. ಕಬ್ಬಿಣದ ಅಂಶವಿದ್ದರೆ ಎಂಜಿನ್ನಿನ ಮೋಟಾರು ಅದನ್ನು ಎಳೆದುಕೊಂಡು ಕೆಡುತ್ತದೆ. ಪುಡಿಮಾಡಿದ ಕಲ್ಲನ್ನು ಅಡುಗೆಮನೆಯ ಎರಡು ಜರಡಿಗಳಲ್ಲಿ ಸೋಸಿ ನಡುವೆ ಉಳಿದದ್ದನ್ನು ಬಳಸುವುದು ಅಗ್ಗದ ದಾರಿ. ರವೆಯನ್ನೇ ಬಳಸುವ ಆಸೆ ಬೇಡ, ಜಿರಳೆಗೆ ಔತಣ.

ಜಲ್ಲಿಯನ್ನು ಒಣದಾಗಿಯೇ ಹರಡಿ, ಸ್ಲೀಪರಿನ ಮೇಲೆ ಉಳಿದ ಕಾಳುಗಳನ್ನು ಕುಂಚದಿಂದ ಗುಡಿಸಿ, ನೀರು ಬೆರೆಸಿದ ಫೆವಿಕಾಲಿಗೆ ಪಾತ್ರೆ ತೊಳೆಯುವ ದ್ರಾವಣದ ಒಂದು ಹನಿ ಸೇರಿಸಿ ಡ್ರಾಪರಿನಲ್ಲಿ ತೊಟ್ಟಿಕ್ಕಿಸಬೇಕು. ಆ ಹನಿ ಇಲ್ಲದಿದ್ದರೆ ಅಂಟು ಒಳಗಿಳಿಯದೆ ಮಣಿಯಂತೆ ಮೇಲೆಯೇ ಉರುಳುತ್ತದೆ. ಮೆಟ್ರೊದ ಮೇಲ್ಸೇತುವೆ ಕಟ್ಟುವವರಿಗೆ ಈ ಕೆಲಸವೇ ಇಲ್ಲ, ಅಲ್ಲಿ ಹಳಿ ಇರುವುದು ಕಾಂಕ್ರೀಟಿನ ಮೇಲೆ, ಜಲ್ಲಿಯಿಲ್ಲದೆ. ದುಬೈ ಟ್ರಾಮಿಗೆ ಮೇಲೆ ತಂತಿಯೂ ಇಲ್ಲ, ಎರಡು ಹಳಿಗಳ ನಡುವೆ ನೆಲದಲ್ಲಿ ಹುದುಗಿಸಿದ ಮೂರನೆಯ ಪಟ್ಟಿಯಿಂದ ವಿದ್ಯುತ್ ಪಡೆಯುತ್ತದೆ. ಜರ್ಮನಿಯ ಮೆರ್ಕ್ಲಿನ್ ಕಂಪನಿ ಆಟಿಕೆ ರೈಲುಗಳಿಗೆ ನಡುವಿನಿಂದ ವಿದ್ಯುತ್ ಕೊಡುವ ಉಪಾಯವನ್ನು ಎಷ್ಟೋ ದಶಕ ಮೊದಲೇ ಬಳಸುತ್ತಿತ್ತು ಎಂಬುದು ಹವ್ಯಾಸಿಗಳು ಖುಷಿಯಿಂದ ನೆನೆಯುವ ಸಂಗತಿ.

ಏರು ತಗ್ಗುಗಳಲ್ಲಿ ಮಾದರಿಯೂ ಮೂಲವೂ ಹತ್ತಿರ ಬರುತ್ತವೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ, 57 ಸುರಂಗಗಳ ಘಟ್ಟದ ಮಾರ್ಗದ ಏರು 50ಕ್ಕೆ 1. ಮಾದರಿಯಲ್ಲೂ ದಾಟಬಾರದೆಂದು ಹೇಳುವ ಮಿತಿ ಬಹುಮಟ್ಟಿಗೆ ಅದೇ. ಒಂದು ಮಾರ್ಗ ಇನ್ನೊಂದರ ಮೇಲೆ ಹಾಯಲು 7 ಸೆಂ.ಮೀ. ಏರಬೇಕೆಂದರೆ ಮೂರೂವರೆ ಮೀಟರ್ ಓಟ ಬೇಕು. ಹಜರ್ ಪರ್ವತವನ್ನು ಕೊರೆದು ಫುಜೈರಾಕ್ಕೆ ಇಳಿಯುವ ಎತಿಹಾದ್ ಮಾರ್ಗವನ್ನು ಫ್ಲ್ಯಾಟಿನ ಮೇಜಿನ ಮೇಲೆ ತೋರಿಸಹೊರಟವರು ಈ ಲೆಕ್ಕದಲ್ಲೇ ಸೋತು, ಎನ್ ಪ್ರಮಾಣಕ್ಕೆ ಇಳಿಯುತ್ತಾರೆ.

ಧೂಳಿನ ವಿಷಯ ಚುಟುಕಾಗಿ ಹೇಳಬಹುದು. ಧೂಳೆಬ್ಬಿಸುವ ಶಮಾಲ್ ಗಾಳಿ ಬೀಸಿದ ಮರುದಿನ ಕಿಟಕಿ ಮುಚ್ಚಿದ್ದರೂ ಹಳಿಯ ಮೇಲೆ ಪುಡಿಯ ಪದರ ಇರುತ್ತದೆ, ಎಂಜಿನ್ ತಡವರಿಸುತ್ತದೆ. ಔಷಧ ಅಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬಟ್ಟೆ ಅದ್ದಿ ಒರೆಸಬೇಕು. ಮರಳುಕಾಗದದಿಂದ ಉಜ್ಜಿದರೆ ಗೀರು ಬಿದ್ದು ಕೊಳೆ ಇನ್ನೂ ಬೇಗ ಕೂರುತ್ತದೆ.

ಇಂಥ ಪುಟ್ಟ ಲೋಕಗಳನ್ನು ನೋಡಲು ಸಿಗುವ ಕಡೆಗಳಲ್ಲಿ ಹ್ಯಾಂಬರ್ಗ್‌ನ ಮಿನಿಯಾಟೂರ್ ವುಂಡರ್‌ಲ್ಯಾಂಡ್ (2001) ಎಲ್ಲಕ್ಕಿಂತ ದೊಡ್ಡದು. ಭಾರತದಲ್ಲಿ ಪುಣೆಯ ಕೋಥರೂಡ್‌ನಲ್ಲಿರುವ ಜೋಶಿ ಕಿರುರೈಲು ಸಂಗ್ರಹಾಲಯವಿದೆ. 1979ರಲ್ಲಿ ಆರಂಭವಾದ ಮೈಸೂರಿನ ರೈಲು ಸಂಗ್ರಹಾಲಯಕ್ಕೆ ನಿಜವಾದ ಎಂಜಿನ್, ಬೋಗಿಗಳ ಅಳತೆ ತೆಗೆಯಲು ಹೋಗಬಹುದು. ದುಬೈಯಲ್ಲಿ 2016ರಲ್ಲಿ ತೆರೆದ ಲೆಗೊಲ್ಯಾಂಡ್ ತನ್ನ ಕಿರುನಗರವನ್ನು ಹವಾನಿಯಂತ್ರಿತ ಸೂರಿನಡಿ ಇಟ್ಟಿದೆ, ಬೇರೆ ದೇಶಗಳಲ್ಲಿ ಅದೇ ಸಂಸ್ಥೆಯ ಕಿರುನಗರಗಳು ಬಹುಪಾಲು ಬಯಲಲ್ಲಿವೆ.

ಕೊನೆಗೆ ಕಿತ್ತೊಯ್ಯುವ ದಿನ. ಸೀಲಂಟಿನ ಮೇಲೆ ಕೂರಿಸಿದ ಹಳಿಯ ಕೆಳಗೆ ದೋಸೆ ಮಗುಚುವ ಸಟ್ಟುಗದಂಥ ತೆಳು ಅಲಗು ತೂರಿಸಿದರೆ ಇಡಿಯಾಗಿ ಎದ್ದು ಬರುತ್ತದೆ. ಫೆವಿಕಾಲ್ ಹಾಕಿದ ಜಲ್ಲಿಯನ್ನು ಬಿಸಿನೀರು ಚಿಮುಕಿಸಿ ಮೆತ್ತಗೆ ಮಾಡಿಕೊಳ್ಳಬೇಕು. ನೇರ ತುಂಡುಗಳನ್ನು ಪಿವಿಸಿ ಕೊಳವೆಯಲ್ಲಿ ತುಂಬಿ ಎರಡು ತುದಿಗೂ ಮುಚ್ಚಳ ಹಾಕಿದರೆ ಬಾಗದೆ ಊರು ಸೇರುತ್ತವೆ. ತಿರುವಿನಲ್ಲಿದ್ದವುಗಳ ಸ್ಥಿತಿ ಬೇರೆ. ಅವನ್ನು ನೆಟ್ಟಗೆ ಮಾಡಿದಾಗ, ವರ್ಷಗಳ ಹಿಂದೆ ಕತ್ತರಿಸಿ ಎಸೆದ 27 ಮಿ.ಮೀ. ಒಂದು ಹಳಿಯ ತುದಿಯಲ್ಲಿ ಕಾಣೆಯಾಗಿರುತ್ತದೆ. ಆ ತುಂಡನ್ನು ಮತ್ತೆ ಅದೇ ಬದಿಗೆ ಅಷ್ಟೇ ಕೋನದಲ್ಲಿ ಬಗ್ಗಿಸಬೇಕು, ಇಲ್ಲವೇ ಇನ್ನೊಂದು ಹಳಿಯನ್ನೂ ಸಮಕ್ಕೆ ಕತ್ತರಿಸಬೇಕು.